ಹಳದಿಯ ಹೊಳಪು ಮತ್ತು ತಿಳಿಯುವ ಹೊಣೆ

ನಮ್ಮ ಅಡುಗೆಮನೆಗಳಲ್ಲಿ ಉಪ್ಪನ್ನು ಬಿಟ್ಟರೆ ಅತಿ ಹೆಚ್ಚು ನಂಬಿಕೆಗೆ ಪಾತ್ರವಾದ ವಸ್ತು ಯಾವುದೆಂದು ಕೇಳಿದರೆ ಬಹುಮಂದಿ ಅರಿಶಿನವೆಂದೇ ಹೇಳುವರು. ಸಾರಿಗೂ ಪಲ್ಯಕ್ಕೂ ಅದು ಬೇಕು. ಕೆಮ್ಮುವ ಮಗುವಿಗೆ ಬಿಸಿ ಹಾಲಿನಲ್ಲಿ ಕಲಸಿಕೊಡಲು ಬೇಕು. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಾಗ ಹಚ್ಚಲು ಬೇಕು. ಬಾಣಂತಿಯ ಪಥ್ಯಕ್ಕೂ ಬೇಕು. ಹೀಗೆ ಮದ್ದೆಂದು ನಂಬಿದ ವಸ್ತುವೇ ವಿಷವನ್ನು ಹೊತ್ತು ತಂದರೆ, ಬೆರೆಸಿದವನಿಗೆ ತಾನು ಬೆರೆಸುತ್ತಿರುವುದು ಏನೆಂಬುದು ಪೂರ್ಣವಾಗಿ ತಿಳಿಯದಿದ್ದರೆ, ತಿಂದವರಲ್ಲಿ ಒಬ್ಬರೂ ಅಲ್ಲಿಯೇ ಕುಸಿದು ಬೀಳದಿದ್ದರೆ, ಆಗ ನಡೆದ ತಪ್ಪು ಯಾರದು? ಇದು ತರ್ಕದ ಕಸರತ್ತಿಗಾಗಿ ಕಲ್ಪಿಸಿಕೊಂಡ ಪ್ರಶ್ನೆಯಲ್ಲ. ನೆರೆಯ ಬಾಂಗ್ಲಾದೇಶದಲ್ಲಿ ಕೆಲವು ದಶಕಗಳ ಕಾಲ ನಡೆದ ಸಂಗತಿ.

ಅಲ್ಲಿಯ ಗ್ರಾಮಾಂತರ ಪ್ರದೇಶದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದ ಸಂಶೋಧಕರಿಗೆ ಒಂದು ಒಗಟು ಎದುರಾಯಿತು. ಪರೀಕ್ಷೆಗೆ ಒಳಗಾದ 430 ಮಂದಿಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಂಗಸರ ರಕ್ತದಲ್ಲಿ ಸೀಸದ ಪ್ರಮಾಣ ಆತಂಕ ಹುಟ್ಟಿಸುವಷ್ಟಿತ್ತು. ಆ ಹಳ್ಳಿಗಳ ಸುತ್ತ ಅದಕ್ಕೆ ಕಾರಣವಾಗಬಲ್ಲ ಕಾರ್ಖಾನೆಗಳಿರಲಿಲ್ಲ. ಹಾಗಾದರೆ ಸೀಸ ಬಂದದ್ದು ಎಲ್ಲಿಂದ? ಅಕ್ಕಿಯನ್ನು ನೋಡಿದರು, ಮಣ್ಣನ್ನು ನೋಡಿದರು, ಆಹಾರ ತುಂಬಿಡುವ ತಗಡಿನ ಡಬ್ಬಿಗಳನ್ನು ನೋಡಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸೈತ್ ಮತ್ತು ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರದ ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ನೀಡಿತು. ಸೀಸಕ್ಕೂ ಒಂದು ಬಗೆಯ ಬೆರಳಚ್ಚು ಇರುತ್ತದೆ; ಅದರ ಪರಮಾಣುಗಳ ತೂಕದ ಹಂಚಿಕೆಯನ್ನು ಅಳೆದರೆ ಯಾವ ಮೂಲದ್ದೆಂದು ಪತ್ತೆ ಹಚ್ಚಬಹುದು. ಹೆಂಗಸರ ರಕ್ತದಲ್ಲಿದ್ದ ಸೀಸದ ಗುರುತು ಅವರ ಅಡುಗೆಮನೆಯ ಅರಿಶಿನದಲ್ಲಿದ್ದ ಸೀಸದ ಗುರುತಿಗೆ ಹೊಂದಿಕೊಂಡಿತು.

ಅರಿಶಿನಕ್ಕೆ ಸೀಸ ಬಂದ ಬಗೆಯನ್ನು ತಿಳಿಯಬೇಕಾದರೆ ಅರಿಶಿನ ಮಾಡುವ ಬಗೆಯನ್ನು ತಿಳಿದಿರಬೇಕು. ನಮ್ಮಲ್ಲಿ ಚಾಮರಾಜನಗರದ ಕಡೆಯ, ಬೆಳಗಾವಿ ಬಾಗಲಕೋಟೆಗಳ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಗೆದ ಗೆಡ್ಡೆಯನ್ನು ಬೇಯಿಸಿ, ಬಿಸಿಲಿನಲ್ಲಿ ಹಲವು ದಿನ ಒಣಗಿಸುತ್ತಾರೆ. ಒಣಗಿದ ಕೊಂಬು ನೋಡಲು ಚೆಂದವಾಗಿರುವುದಿಲ್ಲ. ಸುಕ್ಕುಗಟ್ಟಿದ ಕಂದು ಸಿಪ್ಪೆಯೊಳಗೆ ಅದರ ಬಣ್ಣ ಅಡಗಿರುತ್ತದೆ. ತಿರುಗುವ ಪೀಪಾಯಿಯಲ್ಲಿ ಹಾಕಿ ಉಜ್ಜಿ ಪಾಲಿಶ್ ಮಾಡಿದಾಗಲೇ ಅದು ಪೇಟೆಗೆ ಯೋಗ್ಯವಾಗುವುದು. ಬಾಂಗ್ಲಾದೇಶದಲ್ಲಿ ಈ ಹಂತದಲ್ಲಿಯೇ ಒಂದು ಹಿಡಿ ಹಳದಿ ಪುಡಿ ಬಂದು ಸೇರಿತು. ಅದು ಸೀಸದ ಕ್ರೋಮೇಟ್. ಬಣ್ಣದ ಕಾರ್ಖಾನೆಗಳು ಬಳಸುವ, ವಾಹನಗಳಿಗೂ ಗೃಹೋಪಕರಣಗಳಿಗೂ ಬಳಿಯುವ ಬಣ್ಣದ ಮೂಲದ್ರವ್ಯ. 1980ರ ದಶಕದಲ್ಲಿ ಒಂದು ದೊಡ್ಡ ನೆರೆ ಬಂದು ಅರಿಶಿನದ ಬೆಳೆ ತೊಯ್ದು ಬಣ್ಣಗೆಟ್ಟಾಗ, ಕೊಳ್ಳುವವರಿಗೆ ಹೊಳೆಯುವ ಹಳದಿಯೇ ಬೇಕಾಗಿದ್ದುದರಿಂದ, ಈ ಪದ್ಧತಿ ಆರಂಭವಾಯಿತೆಂದು ಆ ವ್ಯಾಪಾರದಲ್ಲಿದ್ದವರು ಸಂಶೋಧಕರಿಗೆ ತಿಳಿಸಿದರು. ಒಂದು ವರ್ಷದ ಕಷ್ಟಕ್ಕೆ ಕಂಡುಕೊಂಡ ಉಪಾಯ ಮೂವತ್ತು ವರ್ಷದ ರೂಢಿಯಾಯಿತು. ಆ ದೇಶದ ಕಾನೂನು ಒಂದು ಗ್ರಾಂ ಅರಿಶಿನದಲ್ಲಿ 2.5 ಮೈಕ್ರೋಗ್ರಾಂ ಸೀಸವನ್ನು ಮಿತಿಯೆಂದು ಇಟ್ಟಿದ್ದರೆ, ಒಂದು ಮಾದರಿಯಲ್ಲಿ 1152 ಮೈಕ್ರೋಗ್ರಾಂ ಸಿಕ್ಕಿತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪುಡಿಯನ್ನು ಕೊಳ್ಳಬೇಡ, ಕೊಂಬನ್ನೇ ಕೊಂಡು ಮಿಲ್ಲಿನಲ್ಲಿ ಕಣ್ಣೆದುರೇ ಬೀಸಿಸಿಕೊಂಡು ಬಾ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬಹಳ ಮಟ್ಟಿಗೆ ಅದು ವಿವೇಕದ ಮಾತೇ. ಆದರೆ ಈ ಪ್ರಕರಣದಲ್ಲಿ ಅದು ಸಹ ರಕ್ಷಿಸಲಿಲ್ಲ, ಏಕೆಂದರೆ ಬಣ್ಣ ಬಳಿದದ್ದು ಕೊಂಬಿಗೇ. ಎಚ್ಚರಿಕೆಯಿಂದ ಅತ್ಯಂತ ಚೆಂದದ ಕೊಂಬುಗಳನ್ನು ಆರಿಸಿದ ತಾಯಿಯೇ ಎಲ್ಲರಿಗಿಂತ ಹೆಚ್ಚು ಸೀಸವನ್ನು ಮನೆಗೆ ಕೊಂಡೊಯ್ದಿರಬಹುದು.

ಸೀಸ ದೇಹದಲ್ಲಿ ಏನು ಮಾಡುತ್ತದೆ ಎಂಬುದು ನಮ್ಮ ನೈತಿಕ ಪ್ರಶ್ನೆಯ ತಿರುಳಿಗೆ ಸೇರಿದ್ದು. ದೇಹಕ್ಕೆ ಸೀಸದಿಂದ ಯಾವ ಪ್ರಯೋಜನವೂ ಇಲ್ಲ. ಆದರೆ ಅದು ಸುಣ್ಣದಂಶದ ವೇಷ ಧರಿಸಿ ಒಳನುಗ್ಗುತ್ತದೆ. ಸುಣ್ಣದಂಶ ಹೋಗುವಲ್ಲೆಲ್ಲ ಹೋಗುತ್ತದೆ, ಮೂಳೆಗಳಲ್ಲಿ ದಶಕಗಳ ಕಾಲ ಕೂತುಬಿಡುತ್ತದೆ. ತಾಯಿಯಾಗುವ ಹೆಂಗಸಿನ ದೇಹ ಗರ್ಭದ ಶಿಶುವಿನ ಎಲುಬುಗಳಿಗಾಗಿ ತನ್ನ ಮೂಳೆಯ ಸುಣ್ಣವನ್ನು ಕರಗಿಸಿ ಕೊಡುವಾಗ, ಅದರ ಜೊತೆಯಲ್ಲಿಯೇ ಸೀಸವೂ ಹೊರಟು ಶಿಶುವನ್ನು ತಲುಪುತ್ತದೆ. ಹತ್ತು ವರ್ಷದ ಹುಡುಗಿ ತಿಂದದ್ದು ಆಕೆಗೆ ಇಪ್ಪತ್ತೈದಾದಾಗ ಹುಟ್ಟಿದ ಮಗುವಿಗೆ ದಾಟಬಹುದು. ತಾನು ಮಾಡದ ತಪ್ಪಿಗೆ ತಾನೇಕೆ ಗುರಿಯಾಗಬೇಕೆಂದು ಆದಿಪಾಪದ ಪಾಠ ಬಂದಾಗ ಧರ್ಮೋಪದೇಶದ ತರಗತಿಯ ಮಕ್ಕಳು ಕೇಳುವುದುಂಟು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಆದರೂ ಅವರಿಗೆ ಕೊಡಬಹುದಾದ ಒಂದು ಉದಾಹರಣೆ ಇಲ್ಲಿದೆ.

ಚಿಕ್ಕ ಮಕ್ಕಳು ನುಂಗಿದ ಸೀಸದಲ್ಲಿ ಅವರ ದೇಹ ಹೀರಿಕೊಳ್ಳುವ ಪಾಲು ದೊಡ್ಡವರ ನಾಲ್ಕೈದು ಪಟ್ಟು. ಬೆಳೆಯುತ್ತಿರುವ ಮೆದುಳಿಗೆ ಆಗುವ ಹಾನಿಯನ್ನು ಯಾವ ಔಷಧಿಯೂ ಮರಳಿ ಸರಿಪಡಿಸಲಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಸೀಸಕ್ಕೆ ತಾನೇ ಹಿಂದೆ ಗೊತ್ತುಪಡಿಸಿದ್ದ ವಾರದ ಮಿತಿಯನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಇಷ್ಟಾದರೆ ಅಡ್ಡಿಯಿಲ್ಲ ಎನ್ನಬಹುದಾದ ಪ್ರಮಾಣವೊಂದನ್ನು ತೋರಿಸಲು ಸಾಧ್ಯವಿಲ್ಲವೆಂಬುದೇ ಕಾರಣ. ಆದರೂ ಮಗು ಹಾಸಿಗೆ ಹಿಡಿಯುವುದಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ. ಮಗ್ಗಿ ಕಲಿಯಲು ತುಸು ಹೆಚ್ಚು ಕಾಲ ಬೇಕಾಗುತ್ತದೆ, ಪಾಠದ ಮೇಲೆ ಮನಸ್ಸು ನಿಲ್ಲುವುದಿಲ್ಲ, ಬೇಗ ಸಿಟ್ಟು ಬರುತ್ತದೆ. ಶಾಲೆಯಲ್ಲಿ ಅವನನ್ನು ದಡ್ಡನೆನ್ನುತ್ತಾರೆ, ಮನೆಯಲ್ಲಿ ಸೋಮಾರಿಯೆನ್ನುತ್ತಾರೆ. ಅವನೂ ಅದನ್ನೇ ನಂಬಿ ಬೆಳೆಯುತ್ತಾನೆ. ತನ್ನಿಂದ ಏನನ್ನೋ ಕಸಿದುಕೊಳ್ಳಲಾಗಿದೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯಂತೆ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಕಾಳಜಿಯ ಮಟ್ಟವನ್ನು ಮುಟ್ಟಿದೆ ಅಥವಾ ಮೀರಿದೆ. ಅದಕ್ಕೆ ಅರಿಶಿನವೊಂದೇ ಕಾರಣವಲ್ಲ. ಹಳೆಯ ಬ್ಯಾಟರಿ ಒಡೆಯುವ ಅಂಗಳಗಳು, ಬಣ್ಣಗಳು, ಕೆಲವು ಬಗೆಯ ಪಾತ್ರೆಗಳು ಎಲ್ಲವೂ ಸೇರಿವೆ.

ಕಲಬೆರಕೆಯ ಪಾಪವನ್ನು ಗುರುಮಠದಲ್ಲಿ ನಮಗೆ ಏಳನೆಯ ಕಟ್ಟಳೆಯ ಅಡಿಯಲ್ಲಿ ಕಲಿಸಲಾಯಿತು. ಹಾಲಿಗೆ ನೀರು ಬೆರೆಸಿದವನು ಕದ್ದವನೇ. ಪ್ರವಾದಿ ಆಮೋಸನು ತನ್ನ ಕಾಲದ ವರ್ತಕರ ಮೇಲೆ ಗುಡುಗಿದ್ದೂ ಇದಕ್ಕಾಗಿಯೇ. ಹಬ್ಬದ ದಿನ ಯಾವಾಗ ಮುಗಿಯುವುದೋ, ಅಂಗಡಿ ಯಾವಾಗ ತೆರೆಯುವೆವೋ ಎಂದು ಕಾತರಿಸುತ್ತ, ಅಳತೆಯನ್ನು ಕಿರಿದಾಗಿಸಿ, ತಕ್ಕಡಿಯಲ್ಲಿ ಮೋಸ ಮಾಡಿ, ಗೋದಿಯ ಹೊಟ್ಟನ್ನೇ ಬಡವನಿಗೆ ಮಾರುವವರನ್ನು ಅವನು ಬಲ್ಲ. ಅಲ್ಲಿ ಮೋಸ ಹೋದದ್ದು ಬಡವನ ಹಣ ಮತ್ತು ಹಸಿವು. ಸೀಸದ ವಿಷಯದಲ್ಲಿ ಹೋಗುವುದು ಮಗುವಿನ ಬುದ್ಧಿ. ಆದುದರಿಂದ ಇದನ್ನು ಐದನೆಯ ಕಟ್ಟಳೆಯ ಅಡಿಗೆ, ಕೊಲ್ಲಬಾರದೆಂಬಲ್ಲಿಗೆ, ತರಬೇಕೆಂಬುದು ನನ್ನ ಅಭಿಪ್ರಾಯ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಲೋಭದ ವ್ಯಾಪಾರದಿಂದ ಜನರ ಹಸಿವಿಗೂ ಸಾವಿಗೂ ಕಾರಣರಾಗುವ ವರ್ತಕರನ್ನು ಕುರಿತು ಹೇಳುವುದು ಅದೇ ಕಟ್ಟಳೆಯ ವಿವರಣೆಯಲ್ಲಿಯೇ; ಅದನ್ನು ಪರೋಕ್ಷ ನರಹತ್ಯೆಯೆಂದೇ ಎಣಿಸುತ್ತದೆ.

ಆದರೆ ಕಳ್ಳತನದ ವಿಚಾರದಲ್ಲಿ ನಮಗಿರುವ ಒಂದು ಸೌಲಭ್ಯ ಇಲ್ಲಿ ಇಲ್ಲವಾಗುತ್ತದೆ. ಪಾಪನಿವೇದನೆಗೆ ಬಂದ ಕಳ್ಳನಿಗೆ ಗುರುಗಳು ಕ್ಷಮೆಯ ಮಾತಿನೊಂದಿಗೆ ಕದ್ದದ್ದನ್ನು ಹಿಂದಿರುಗಿಸಬೇಕೆಂದು ವಿಧಿಸುತ್ತಾರೆ. ಜಕ್ಕಾಯನು ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಕೊಡುವೆನೆಂದನು. ಯಾರಿಗೆ ಮೋಸ ಮಾಡಿದ್ದೇನೆಂದು ಅವನಿಗೆ ಗೊತ್ತಿತ್ತು, ತೆಗೆದುಕೊಂಡದ್ದು ಹಣವಾದುದರಿಂದ ಕೊಡಲೂ ಸಾಧ್ಯವಿತ್ತು. ಕದ್ದ ವಸ್ತುವಿನ ಒಡೆಯ ಸಿಗದಿದ್ದರೆ ಅದರ ಬೆಲೆಯನ್ನು ಬಡವರಿಗೆ ಹಂಚಬೇಕೆಂದು ನಮ್ಮ ಹಳೆಯ ನೀತಿಗ್ರಂಥಗಳು ಹೇಳುತ್ತವೆ. ಅರಿಶಿನಕ್ಕೆ ಬಣ್ಣ ಬಳಿದ ವ್ಯಾಪಾರಿ ಪಶ್ಚಾತ್ತಾಪಪಟ್ಟು ಬಂದನೆಂದಿಟ್ಟುಕೊಳ್ಳಿ. ಅವನು ಯಾರಿಗೆ ಹಿಂದಿರುಗಿಸಬೇಕು? ಒಂದೊಂದು ಮನೆಯಿಂದ ಒಂದೊಂದು ಚಿಟಿಕೆಯಷ್ಟು ತೆಗೆದುಕೊಂಡಿದ್ದಾನೆ. ಒಡೆಯನೇ ಸಿಕ್ಕಿದರೂ, ಹನ್ನೆರಡು ವರ್ಷದ ಹುಡುಗನ ಕೈಯಲ್ಲಿ ಅವನು ಕಳೆದುಕೊಂಡ ಗ್ರಹಣಶಕ್ತಿಯನ್ನು ಇಡುವುದು ಹೇಗೆ? ದೇವರ ಕರುಣೆ ಆ ವ್ಯಾಪಾರಿಗೂ ಉಂಟು, ಅದರಲ್ಲಿ ಸಂಶಯವಿಲ್ಲ. ಹುಡುಗನಿಗೆ ಆದ ನಷ್ಟ ಮಾತ್ರ ಹಾಗೆಯೇ ಉಳಿಯುತ್ತದೆ.

ಹಿಂದಿರುಗಿಸಲು ಸಾಧ್ಯವಿಲ್ಲದ್ದನ್ನು ಕುರಿತಾದ ಕರ್ತವ್ಯ ಕೃತ್ಯದ ನಂತರ ಆರಂಭವಾಗುವಂತಿಲ್ಲ. ಕೃತ್ಯಕ್ಕೆ ಮೊದಲೇ ಆರಂಭವಾಗಬೇಕು. ಮೊದಲು ಎಂದರೆ, ನಾನು ಬೆರೆಸುವುದು ಏನು, ಮಾರುವುದು ಏನು ಎಂದು ತಿಳಿದುಕೊಳ್ಳುವ ಹಂತದಲ್ಲಿ. ಬೇರೆಡೆ ಕ್ಷಮಿಸಬಹುದಾದ ಅಜ್ಞಾನವನ್ನು ಇಲ್ಲಿ ಅಷ್ಟು ಸುಲಭವಾಗಿ ಕ್ಷಮಿಸಲಾಗದು.

ಅಜ್ಞಾನದಲ್ಲಿಯೂ ಬಗೆಗಳಿವೆಯೆಂದು ನೀತಿಶಾಸ್ತ್ರ ಹೇಳುತ್ತದೆ. ಎಷ್ಟು ಪ್ರಯತ್ನಿಸಿದರೂ ನೀಗಿಸಿಕೊಳ್ಳಲಾಗದ ಅಜ್ಞಾನವೊಂದು, ಅದರಲ್ಲಿ ದೋಷವಿಲ್ಲ. ತುಸು ವಿಚಾರಿಸಿದ್ದರೆ ನೀಗುತ್ತಿದ್ದ ಅಜ್ಞಾನವೊಂದು. ಅದರಲ್ಲಿ ಪಾಲು ದೋಷವುಂಟು. ಮೂರನೆಯದು, ತಿಳಿದರೆ ಬಿಡಬೇಕಾಗುತ್ತದೆಂಬ ಭಯದಿಂದ ಬೇಕೆಂದೇ ಉಳಿಸಿಕೊಂಡ ಅಜ್ಞಾನ. ಅದು ಅರಿವಿಗಿಂತಲೂ ಕೆಟ್ಟದ್ದು.

ಮೊದಲ ಬಗೆಗೆ ಅದೇ ಬಾಂಗ್ಲಾದೇಶದಲ್ಲಿ ಒಂದು ನಿದರ್ಶನವಿದೆ. ಕೆರೆ ಹೊಂಡಗಳ ಕೊಳೆ ನೀರು ಕುಡಿದು ಅತಿಸಾರದಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, 1970ರ ದಶಕದಿಂದ, ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಸೇರಿ ಹಳ್ಳಿ ಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಹಾಕಿಸಿದವು. ಆಗ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಪರೀಕ್ಷಿಸುವ ವಾಡಿಕೆಯಿರಲಿಲ್ಲ. 1993ರಲ್ಲಿ ಅದು ಪತ್ತೆಯಾಗುವಷ್ಟರಲ್ಲಿ ಕೋಟ್ಯಂತರ ಜನರು ಆ ನೀರು ಕುಡಿದಿದ್ದರು. ಆ ನೀರು ಹಾಯಿಸಿದ ಗದ್ದೆಯ ಅಕ್ಕಿಯಲ್ಲಿಯೂ ಆರ್ಸೆನಿಕ್ ಸೇರಿತ್ತು. ಹಾನಿಯ ಗಾತ್ರವನ್ನು ನೋಡಿದರೆ ಅರಿಶಿನದ ವ್ಯಾಪಾರಿಯದು ಇದರ ಮುಂದೆ ಚಿಕ್ಕದು. ಆದರೆ ಬಾವಿ ತೋಡಿದವರನ್ನು ನಾವು ಪಾಪಿಗಳೆನ್ನುವುದಿಲ್ಲ. ಅವರ ಉದ್ದೇಶ ಮಕ್ಕಳನ್ನು ಉಳಿಸುವುದಾಗಿತ್ತು, ತಿಳಿಯುವ ದಾರಿ ಅಂದು ಅವರ ಮುಂದೆ ಸುಲಭವಾಗಿ ತೆರೆದಿರಲಿಲ್ಲ. 1993ರ ನಂತರ ಸುಮ್ಮನಿದ್ದವರ ಮಾತು ಬೇರೆ.

ಅರಿಶಿನದ ಮಂದಿಯನ್ನು ಈ ಅಳತೆಗೋಲಿನಿಂದ ನೋಡೋಣ. ಪಾಲಿಶ್ ಮಾಡುವ ಕೂಲಿಯಾಳಿಗೆ ಆ ಪುಡಿ ಒಂದು ಬಣ್ಣ, ಅಷ್ಟೇ. ಅದರ ಧೂಳನ್ನು ದಿನವಿಡೀ ಉಸಿರಾಡಿದವನು ಅವನೇ. ಅವನು ಹಾನಿಯ ಉಪಕರಣವೂ ಹೌದು, ಬಲಿಪಶುವೂ ಹೌದು. ಸಗಟು ವ್ಯಾಪಾರಿಗೆ ಅದು ಆಹಾರದ ಪದಾರ್ಥವಲ್ಲವೆಂಬುದು ಗೊತ್ತಿತ್ತು, ಅದನ್ನು ಬೆರೆಸಿದರೆ ಕಳಪೆ ಕೊಂಬೂ ಒಳ್ಳೆಯ ಬೆಲೆಗೆ ಹೋಗುವುದೆಂಬುದೂ ಗೊತ್ತಿತ್ತು. ಅದರಲ್ಲಿ ಸೀಸವಿದೆಯೆಂದು ರಾಸಾಯನಿಕ ಹೆಸರಿನೊಂದಿಗೆ ತಿಳಿಯದಿದ್ದಿರಬಹುದು. ಆದರೆ ತಿನ್ನುವ ವಸ್ತುವಿಗೆ ಗೋಡೆಯ ಬಣ್ಣ ಹಾಕುವಾಗ ಇದೇನೆಂದು ಕೇಳದಿರುವುದು ಎರಡನೆಯ ಬಗೆಯ ಅಜ್ಞಾನವೋ ಮೂರನೆಯ ಬಗೆಯದೋ ಎಂಬುದನ್ನು ಅವರವರ ಅಂತಃಸಾಕ್ಷಿಯೇ ಹೇಳಬೇಕು.

ಇನ್ನು ಕೊಂಡವರು. ಹೊಳೆಯುವ ಹಳದಿಯನ್ನು ಕೇಳಿದ ಕಣ್ಣು ಇಲ್ಲದಿದ್ದರೆ ಬಣ್ಣ ಬಳಿಯುವ ಕೈಯೂ ಇರುತ್ತಿರಲಿಲ್ಲ ಎಂಬುದು ನಿಜ. ಬಿಳಿಯ ಬೆಲ್ಲ ಬೇಡವೆನ್ನದೆ, ಹೊಳೆಯುವ ಸೇಬೇ ಬೇಕೆನ್ನುತ್ತ, ಮಿರುಗುವ ಹಸಿರು ಬಟಾಣಿಯನ್ನೇ ಆರಿಸುತ್ತ ನಾವೂ ಅದೇ ಕಣ್ಣಿನಿಂದ ಸಂತೆ ಸುತ್ತುತ್ತೇವೆ. ಆದರೂ ಇಂಥ ವಿಷಯ ಬಂದಾಗಲೆಲ್ಲ ಗೃಹಿಣಿಗೆ ನಾಲ್ಕು ಬುದ್ಧಿಮಾತು ಹೇಳಿ ಮುಗಿಸಿಬಿಡುವ ಅಭ್ಯಾಸ ನಮ್ಮ ಪತ್ರಿಕೆಗಳಲ್ಲಿಯೂ ಪ್ರಬೋಧನೆಗಳಲ್ಲಿಯೂ ಇದೆ, ಅದು ಅನ್ಯಾಯ. ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಬೆರಳಲ್ಲಿ ತಿಕ್ಕಿ, ನೀರಿನಲ್ಲಿ ಕದಡಿ ನೋಡಿ ನಿಶ್ಚಯವಾಗಿ ಇದೆ ಇಲ್ಲ ಎನ್ನಲಾಗದು. ಹೊಳಪಿಲ್ಲದ ಕೊಂಬನ್ನು ಆರಿಸಬಹುದು, ಪರಿಚಯದ ಬೆಳೆಗಾರನಿಂದ ಕೊಳ್ಳಬಹುದು. ಅದರಾಚೆಗೆ ಆಕೆ ಏನು ಮಾಡಬಲ್ಲಳು? ತಿಳಿಯುವ ಹೊಣೆ ತಿಳಿಯುವ ಶಕ್ತಿಗೆ ತಕ್ಕಂತೆ ಏರುತ್ತದೆ. ಕೂಲಿಯವನಿಗಿಂತ ವ್ಯಾಪಾರಿಗೆ, ವ್ಯಾಪಾರಿಗಿಂತ ಪ್ರಯೋಗಾಲಯವನ್ನೂ ಕಾನೂನನ್ನೂ ಕೈಯಲ್ಲಿಟ್ಟುಕೊಂಡ ಸರ್ಕಾರಕ್ಕೆ ಅದು ಹೆಚ್ಚು.

ಪೆಟ್ರೋಲಿನ ಕಥೆ ಇದನ್ನು ಸ್ಪಷ್ಟಪಡಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸಂಸ್ಥೆಯವರು ನಮ್ಮ ದೊಡ್ಡ ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿತ್ತು. ಅದಕ್ಕೆ ಪರಿಹಾರವಾಗಿ ಸ್ಕೂಟರ್ ಓಡಿಸುವ ಪ್ರತಿಯೊಬ್ಬ ತಂದೆಯ ಅಂತಃಸಾಕ್ಷಿಯನ್ನು ಜಾಗೃತಗೊಳಿಸಲು ಹೊರಟಿದ್ದರೆ ಇಂದಿಗೂ ಮುಗಿಯುತ್ತಿರಲಿಲ್ಲ. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲನ್ನೇ ಮಾರುವಂತಾಯಿತು. ರಕ್ತವನ್ನು ಪರೀಕ್ಷಿಸಿ ಅಂಕಿಯನ್ನು ಮುಂದಿಡುವವರಿಲ್ಲದೆ ಇಂಥ ನಿರ್ಧಾರಗಳಿಗೆ ಬಲ ಬರುವುದಿಲ್ಲ.

ಬಾಂಗ್ಲಾದೇಶದಲ್ಲಿಯೂ ಹೀಗೆಯೇ ಆಯಿತು. 2019ರಲ್ಲಿ ಅಧ್ಯಯನದ ಫಲಿತಾಂಶ ಹೊರಬಂದಾಗ ಅಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ ಸುಮ್ಮನಿರಲಿಲ್ಲ. ಪೇಟೆಗಳಲ್ಲಿ ಸಾವಿರಾರು ಭಿತ್ತಿಪತ್ರಗಳು ಬಿದ್ದವು. ವ್ಯಾಪಾರಿಗಳನ್ನು ಕರೆಸಿ ಮಾತನಾಡಿದರು. ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರವನ್ನು ಹಿಡಿದು ಢಾಕಾದ ಶ್ಯಾಮಬಜಾರಿನ ಸಗಟು ಮಾರುಕಟ್ಟೆಗೆ ಬಂದರು. ಕೊಂಬಿನ ಮೇಲೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಸೀಸವನ್ನು ತೋರಿಸುವ ಯಂತ್ರವದು. ಸುಮಾರು 900 ಕಿಲೋ ಅರಿಶಿನ ವಶವಾಯಿತು, ಇಬ್ಬರು ವರ್ತಕರಿಗೆ ದಂಡ ಬಿತ್ತು, ಸುದ್ದಿ ಎಲ್ಲೆಡೆ ಹರಡಿತು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. 2020ರಲ್ಲಿ ಅದು 5ಕ್ಕೆ ಇಳಿಯಿತು, 2021ರಲ್ಲಿ ಸೊನ್ನೆಗೆ. ಅರಿಶಿನದ ಗಿರಣಿಗಳಲ್ಲಿ ದುಡಿಯುವವರ ರಕ್ತದಲ್ಲಿನ ಸೀಸವೂ ಮೂರನೆಯ ಒಂದು ಭಾಗದಷ್ಟು ತಗ್ಗಿತು. ದಂಡಕ್ಕೆ ಹೆದರಿ ಬಿಟ್ಟವರೆಷ್ಟು, ತಿಳಿದು ಬಿಟ್ಟವರೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ. ಎರಡೂ ಇದ್ದಿರಬೇಕು. ದಂಡ ವಿಧಿಸಿದ್ದು ಇಬ್ಬರಿಗೆ ಮಾತ್ರ ಎಂಬುದನ್ನು ನೆನೆದರೆ, ಮನುಷ್ಯನ ಮೇಲೆ ನನಗೆ ತುಸು ಹೆಚ್ಚೇ ಭರವಸೆ ಮೂಡುತ್ತದೆ.

ಇದು ನೆರೆಮನೆಯ ಕಥೆಯೆಂದು ನಿಟ್ಟುಸಿರು ಬಿಡುವಂತಿಲ್ಲ. ಅದೇ ತಂಡದವರು ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ 23 ನಗರಗಳಿಂದ ಅರಿಶಿನ ತಂದು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ಮಾದರಿಗಳು ಶುದ್ಧವಾಗಿದ್ದವು. ನೂರಕ್ಕೆ ಸುಮಾರು 14ರಲ್ಲಿ ಸೀಸವಿತ್ತು. ನಮ್ಮ ಕಾನೂನಿನ ಮಿತಿ ಗ್ರಾಂಗೆ 10 ಮೈಕ್ರೋಗ್ರಾಂ. ಪಟ್ನಾದಲ್ಲಿ ಕೊಂಡ ಅರಿಶಿನದಲ್ಲಿ, ಕರಾಚಿ ಮತ್ತು ಪೇಶಾವರಗಳಲ್ಲಿ ಕೊಂಡದ್ದರಲ್ಲಿ 1000ವನ್ನು ಮೀರಿದ ಮಾದರಿಗಳು ಸಿಕ್ಕವು.

ತಿಳಿಯುವ ಶಕ್ತಿಯುಳ್ಳವರ ಸಾಲಿನಲ್ಲಿ ನಮ್ಮ ಧರ್ಮಪ್ರಾಂತ್ಯದಂಥ ಸಂಸ್ಥೆಗಳೂ ನಿಲ್ಲುತ್ತವೆಂಬುದನ್ನು ನಾವು ಮರೆಯುತ್ತೇವೆ. ವಿದ್ಯಾರ್ಥಿನಿಲಯಗಳು, ಅನಾಥಾಲಯಗಳು, ಆಸ್ಪತ್ರೆಗಳು, ಮಠಗಳು. ಇವೆಲ್ಲ ಅರಿಶಿನವನ್ನು ನೂರು ಗ್ರಾಂ ಪೊಟ್ಟಣದಲ್ಲಿ ಕೊಳ್ಳುವುದಿಲ್ಲ, ಕಿಲೋಗಟ್ಟಲೆ ಕೊಳ್ಳುತ್ತವೆ, ಅಗ್ಗದಲ್ಲಿ ಕೊಟ್ಟವನಿಂದ ಕೊಳ್ಳುತ್ತವೆ. ನಿಲಯದ ಮೇಲ್ವಿಚಾರಕರು ವರ್ಷಕ್ಕೊಮ್ಮೆ ಬಿಲ್ಲಿನ ಮೊತ್ತವನ್ನು ಪರಿಶೀಲಿಸುವಂತೆ ಸರಕನ್ನು ಪರಿಶೀಲಿಸಿದ್ದಾರೆಯೇ? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಅಧಿಕಾರಿಗಳಿಗಷ್ಟೇ ಅಲ್ಲ, ಕೊಂಡ ಯಾವ ವ್ಯಕ್ತಿಗೂ ತಾನು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕೊಟ್ಟಿದೆ. ಒಂದು ಬಡ ಕುಟುಂಬಕ್ಕೆ ಆ ಶುಲ್ಕ ಭಾರ. ಇನ್ನೂರು ಮಕ್ಕಳಿಗೆ ಅಡುಗೆ ಮಾಡುವ ನಿಲಯಕ್ಕೆ ಅದು ಭಾರವಲ್ಲ. ಪರೀಕ್ಷೆಯ ವರದಿಯನ್ನು ಭಾನುವಾರದ ಪೂಜೆಯ ನಂತರ ಪ್ರಕಟಣೆಗಳ ಜೊತೆಯಲ್ಲಿ ಓದಿದರೆ, ಅದೇ ಅಂಗಡಿಯಿಂದ ಕೊಳ್ಳುವ ಧರ್ಮಕೇಂದ್ರದ ಕುಟುಂಬಗಳಿಗೂ ಅದು ತಿಳಿಯುತ್ತದೆ, ಅಂಗಡಿಯವರಿಗೂ ತಿಳಿಯುತ್ತದೆ. ಈ ವರ್ಷದ ದಾಸ್ತಾನು ಬರುವ ಮುನ್ನ ನಮ್ಮ ಯಾವುದಾದರೊಂದು ನಿಲಯ ಇದನ್ನು ಆರಂಭಿಸಬಹುದು.